ಹಳೆಯ ಶಾಲೆ: ಕೆಡವುವ ಮುನ್ನ ಸ್ಥಳಾಂತರದ ದಾರಿ

ಮಂಡ್ಯ: ದುದ್ದದಂತಹ ಹಳ್ಳಿಗಳಲ್ಲಿ ತಲೆಮಾರುಗಳಿಗೆ ಅಕ್ಷರ ಕಲಿಸಿದ ಶಾಲಾ ಕಟ್ಟಡ ರಸ್ತೆಗೋ ಹೊಸ ಕೊಠಡಿಗೋ ಅಡ್ಡಬಂದರೆ ಕೆಡವುವುದೊಂದೇ ಮಾರ್ಗವಲ್ಲ. ಇದಕ್ಕೆ ಜಿಲ್ಲೆಯಲ್ಲೇ ಎರಡು ನಿದರ್ಶನಗಳಿವೆ.

ಜೋಡಿ ರೈಲು ಮಾರ್ಗಕ್ಕೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಸ್ಥಳಾಂತರಿಸಲಾಯಿತು. ತಳಕ್ಕೆ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕ್‌ಗಳಿಂದ ಎತ್ತಿ, ಸುಮಾರು 100 ಮೀಟರ್ ಆಚೆಗೆ ಸರಿಸಲಾಯಿತು. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯದ್ದು ಇನ್ನೊಂದು ವಿಧಾನ. ಕಲ್ಲುಗಳಿಗೆ ಸಂಖ್ಯೆ ಬರೆದು ಬಿಚ್ಚಿ, ಹೊಸ ಕನ್ನಂಬಾಡಿಯಲ್ಲಿ ಅದೇ ಕ್ರಮದಲ್ಲಿ ಮರುಜೋಡಿಸಲಾಗಿದೆ.

ಹಳ್ಳಿಯ ಹೆಂಚಿನ ಶಾಲೆಗೆ ಎರಡನೆಯದೇ ಹೆಚ್ಚು ಸೂಕ್ತ. ಹೆಂಚು, ತೊಲೆ, ಕಂಬ, ಬಾಗಿಲುಗಳನ್ನು ಬಿಚ್ಚಿ ಜೋಡಿಸಬಹುದು; ಮಣ್ಣಿನ ಗೋಡೆಯನ್ನು ಮಾತ್ರ ಹೊಸದಾಗಿ ಕಟ್ಟಬೇಕಾಗುತ್ತದೆ. ಆದರೆ ಅಳತೆ, ನಕ್ಷೆ, ಛಾಯಾಚಿತ್ರಗಳು ಮೊದಲೇ ಸಿದ್ಧವಿರಬೇಕು. ಜೆಸಿಬಿ ನುಗ್ಗಿದ ಮೇಲೆ ಯಾವ ತೊಲೆ ಎಲ್ಲಿತ್ತೆಂದು ಗುರುತಿಸುವುದು ಅಸಾಧ್ಯ.