ಹೆಪ್ಪಿನ ಹಾಗೆ ಉಳಿಯುವ ಗುರುತು

ಸ್ಕ್ಲೆರೋಡರ್ಮಾ ಎಂಬ ಕಾಯಿಲೆ ಬಂದವರ ಚರ್ಮ ಬಿಗಿದು ಗಡುಸಾಗುತ್ತದೆ. ಅಂಥ ಕೆಲವರ ರಕ್ತದಲ್ಲಿ ಸಿಕ್ಕ ಪ್ರತಿಕಾಯಗಳನ್ನು ಎರಡಾಗಲು ಸಿದ್ಧವಾದ ಜೀವಕೋಶಕ್ಕೆ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪ್ರತಿ ವರ್ಣತಂತುವಿನ ಸೊಂಟದಲ್ಲೂ ಜೋಡಿ ಚುಕ್ಕೆ ಹೊಳೆಯುತ್ತದೆ. ಈ ಪ್ರತಿಕಾಯಗಳು ಅಲ್ಲಿ ಹಿಡಿಯುವ ಮೂರು ಪ್ರೋಟೀನುಗಳನ್ನು 1985ರಲ್ಲಿ ವಿಲಿಯಂ ಅರ್ನ್‌ಶಾ ಮತ್ತು ನವೋಮಿ ರಾತ್‌ಫೀಲ್ಡ್ ಗುರುತಿಸಿದರು. ಮೊದಲನೆಯದರ ಹೆಸರು ಸೆನ್ಪ್-ಎ.

ಆ ಸೊಂಟವೇ ಸೆಂಟ್ರೋಮಿಯರ್. ಕೋಶ ಎರಡಾಗುವ ಮುನ್ನ ಮನುಷ್ಯನ 46 ವರ್ಣತಂತುಗಳಿಗೂ ಒಂದೊಂದು ನಕಲು ತಯಾರಾಗುತ್ತದೆ. ಅವನ್ನು ಬೇರ್ಪಡಿಸಿ ಆ ಕಡೆಗೊಂದು ಈ ಕಡೆಗೊಂದು ಎಳೆದೊಯ್ಯುವ ಸೂಕ್ಷ್ಮನಳಿಕೆಗಳು ಬಂದು ಕಚ್ಚಿಕೊಳ್ಳುವುದು ಇಲ್ಲಿಯೇ. ಈ ಜಾಗದ ಗುರುತು ಅಳಿಸಿದರೆ ವರ್ಣತಂತು ದಿಕ್ಕುಗೆಡುತ್ತದೆ. ಒಂದರಲ್ಲೇ ಎರಡು ಗುರುತು ಮೂಡಿದರೆ ಎರಡೂ ಕಡೆಯ ಜಗ್ಗಾಟಕ್ಕೆ ಸಿಕ್ಕಿ ತುಂಡಾಗಬಹುದು.

ಹಾಗಾದರೆ ಇದೇ ಜಾಗ ಎಂದು ಕೋಶಕ್ಕೆ ಹೇಗೆ ಗೊತ್ತಾಗುತ್ತದೆ?

ಬ್ರೆಡ್ಡಿಗೆ ಹಾಕುವ ಯೀಸ್ಟ್‌ನಲ್ಲಿ ಉತ್ತರ ಸುಲಭ: ಡಿಎನ್‌ಎಯ ಸುಮಾರು 125 ಅಕ್ಷರಗಳೇ ಜಾಗ ತೋರಿಸುತ್ತವೆ. ಮನುಷ್ಯರಲ್ಲಿ 171 ಅಕ್ಷರಗಳ ತುಣುಕೊಂದು ಅಲ್ಲಿ ಸಾವಿರಾರು ಸಲ ಮರುಕಳಿಸುತ್ತದೆ. ಆದರೆ 1993ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ವರದಿ ಮಾಡಿದ 10ನೇ ವರ್ಣತಂತುವಿನ ತುಂಡೊಂದರಲ್ಲಿ ಆ ಭಾಗವೇ ಇರಲಿಲ್ಲ. ಆದರೂ ಬೇರೆಡೆ ಹೊಸ ಸೆಂಟ್ರೋಮಿಯರ್ ಹುಟ್ಟಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು! ಬಾಯಿಯಲ್ಲಿ ಬಿಳಿ ಪದರ ಕಟ್ಟಿಸುವ ಕ್ಯಾಂಡಿಡಾ ಆಲ್ಬಿಕನ್ಸ್ ಶಿಲೀಂಧ್ರದ ಎಂಟು ವರ್ಣತಂತುಗಳ ಸೆಂಟ್ರೋಮಿಯರ್‌ಗಳಲ್ಲಿ ಎಂಟು ಬೇರೆ ಬೇರೆ ಅಕ್ಷರಮಾಲೆಗಳಿವೆ. ಇದನ್ನು ಅಮೆರಿಕದಲ್ಲಿ ಕಂಡುಕೊಂಡವರಲ್ಲಿ ಒಬ್ಬರಾದ ಕೌಸ್ತುವ್ ಸನ್ಯಾಲ್ ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಪ್ರಯೋಗಾಲಯ ಕಟ್ಟಿದರು. ಇರುವ ಸೆಂಟ್ರೋಮಿಯರ್ ಕತ್ತರಿಸಿ ತೆಗೆದರೆ ಅದರ ಆಸುಪಾಸಿನಲ್ಲೇ ಹೊಸದು ಮೂಡುತ್ತದೆಂದು ಅಲ್ಲಿ ತೋರಿಸಿದರು.

ಅಂದರೆ ಇಂಥಲ್ಲೆಲ್ಲ ಗುರುತು ಇರುವುದು ಅಕ್ಷರದಲ್ಲಲ್ಲ, ಸೆನ್ಪ್-ಎಯಲ್ಲಿ. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್‌ಗಳ ಪೈಕಿ ಎಚ್3 ಎಂಬುದರ ಬದಲಿಗೆ ಇಲ್ಲಿ ಇದು ಕೂತಿರುತ್ತದೆ. ಡಿಎನ್‌ಎ ನಕಲಾದಾಗ ಹಳೆಯ ಸೆನ್ಪ್-ಎ ಎರಡೂ ಪ್ರತಿಗಳಿಗೆ ಹಂಚಿಹೋಗಿ ಅರ್ಧಕ್ಕಿಳಿಯುತ್ತದೆ. ಆ ಕೊರತೆಯನ್ನು ಕೋಶ ಕೂಡಲೇ ತುಂಬುವುದಿಲ್ಲ. ವಿಭಜನೆ ಮುಗಿಯುವ ತನಕ ಕಾಯುತ್ತದೆ. ಆಮೇಲೆ ಮಿಸ್18 ಎಂಬ ಪ್ರೋಟೀನ್ ಗುಂಪು ಹಳೆಯ ಸೆನ್ಪ್-ಎ ಇರುವಲ್ಲಿಗೇ ಬಂದು ಸೇರುತ್ತದೆ, ಅದರ ಬೆನ್ನಿಗೇ ಎಚ್‌ಜರ್ಪ್ ಎಂಬ ಇನ್ನೊಂದು ಪ್ರೋಟೀನು ಹೊಸ ಸೆನ್ಪ್-ಎಯನ್ನು ಹೊತ್ತು ತಂದು ಕೂರಿಸುತ್ತದೆ. ನಿನ್ನೆಯ ಮೊಸರಿನ ಹೆಪ್ಪಿನಿಂದಲೇ ಇಂದಿನ ಮೊಸರಾಗುವ ಹಾಗೆ, ಹಳೆಯದು ಇದ್ದಲ್ಲೇ ಹೊಸದು.

ಆ ಹಳೆಯದರ ಬಾಳಿಕೆ ಬೆರಗು ಹುಟ್ಟಿಸುವಂಥದ್ದು. ಇಲಿಯ ಅಂಡಾಣುಗಳಲ್ಲಿ ಸೆನ್ಪ್-ಎ ಜೀನನ್ನೇ ತೆಗೆದುಹಾಕಿದರೂ, ಮೊದಲೇ ಕೂತಿದ್ದ ಪ್ರೋಟೀನು ವರ್ಷಕ್ಕೂ ಮೀರಿ ಉಳಿದು ಕೆಲಸ ಮಾಡಿತೆಂದು 2016ರಲ್ಲಿ ಪ್ರಕಟವಾಯಿತು.

ಸಸ್ಯಗಳಲ್ಲಿ ಇದೇ ತಿಳಿವಳಿಕೆ ತಳಿ ಸಂಶೋಧನೆಗೆ ಒದಗಿದೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಮಾರುತಾಚಲಂ ರವಿ ಮತ್ತು ಸೈಮನ್ ಚಾನ್, ಅರಬಿಡಾಪ್ಸಿಸ್ ಗಿಡದ ಈ ಹಿಸ್ಟೋನನ್ನು ಮಾರ್ಪಡಿಸಿ ಸಾಮಾನ್ಯ ಗಿಡದೊಂದಿಗೆ ಸಂಕರ ಮಾಡಿದರು. ಕೆಲವು ಭ್ರೂಣಗಳಲ್ಲಿ ಮಾರ್ಪಟ್ಟ ಗಿಡದ ವರ್ಣತಂತುಗಳೆಲ್ಲ ಕಳೆದುಹೋಗಿ, ಸಾಮಾನ್ಯ ಗಿಡದವಷ್ಟೇ ಉಳಿದವು. ಅಂಥ ಸಸಿಯ ವರ್ಣತಂತುಗಳನ್ನು ಇಮ್ಮಡಿಗೊಳಿಸಿದರೆ, ಹಲವು ಪೀಳಿಗೆ ಕಾಯಬೇಕಿದ್ದ ಶುದ್ಧ ತಳಿ ಎರಡೇ ಪೀಳಿಗೆಯಲ್ಲಿ ಕೈಗೆ ಬರುತ್ತದೆ.