ತಲೆಬುರುಡೆಯಲ್ಲಿ ಕರಗುವ ಪ್ಲೇಟು

ಮೈಸೂರಿನ ಹೂಟಗಳ್ಳಿ, ಬೆಳವಾಡಿ, ಕೂರ್ಗಳ್ಳಿಯ ಕಾರ್ಖಾನೆ ಕೆಲಸಗಾರರ ನಡುವೆ ‘ರಾಡ್ ಹಾಕಿದ್ದಾರೆ’, ‘ಪ್ಲೇಟ್ ಕೂರಿಸಿದ್ದಾರೆ’ ಎಂಬ ಮಾತು ಹೊಸದಲ್ಲ. ಬೆನ್ನಿಗೇ ಬರುವ ಪ್ರಶ್ನೆ, ‘ಮತ್ತೆ ತೆಗೀಬೇಕಾ?’ ದಿನಗೂಲಿಯವರಿಗೆ ಎರಡನೇ ಆಪರೇಷನ್ ಎಂದರೆ ಮತ್ತೊಂದು ಸಾಲ, ಮತ್ತಷ್ಟು ದಿನದ ಕೂಲಿ ಖೋತಾ. ಹಾಗಾಗಿ ಕೆಲಸ ಮುಗಿಸಿ ತಾನಾಗಿ ಕರಗುವ ಇಂಪ್ಲಾಂಟ್ ಎಂದರೆ ಆಸೆ ಹುಟ್ಟುವುದು ಸಹಜ. ಆದರೆ ಎಲ್ಲಿ ಕರಗಬೇಕು, ಎಲ್ಲಿ ಕರಗಬಾರದು ಎಂಬುದನ್ನು ತಿಳಿಯದೆ ಆಸೆಪಡುವುದು ಅಪಾಯ.

ಕರಗಲೇಬೇಕಾದ ಜಾಗ ಮಕ್ಕಳ ತಲೆಬುರುಡೆ. ಕೆಲವು ಕೂಸುಗಳಲ್ಲಿ ಬುರುಡೆಯ ಸಂದುಗಳು ಅವಧಿಗೆ ಮೊದಲೇ ಬೆಸೆದುಕೊಂಡು, ಮಿದುಳು ಬೆಳೆಯಲು ಜಾಗ ಸಾಲದಾಗುತ್ತದೆ. ಮೂಳೆ ಕತ್ತರಿಸಿ, ಹೊಸದಾಗಿ ಜೋಡಿಸಬೇಕು. ಬೆಳೆಯುವ ಬುರುಡೆ ಒಳಮೈಯಲ್ಲಿ ಸವೆಯುತ್ತದೆ, ಹೊರಮೈಯಲ್ಲಿ ಹೊಸ ಮೂಳೆ ಕಟ್ಟುತ್ತದೆ. ಹೀಗಾಗಿ ಹೊರಗೆ ಕೂರಿಸಿದ ಟೈಟಾನಿಯಂ ಪ್ಲೇಟು ವರ್ಷಗಳ ನಂತರ ಬುರುಡೆಯ ಒಳಬದಿಯಲ್ಲಿ ಸಿಕ್ಕಿದ್ದುಂಟು! ಇದನ್ನು ತಪ್ಪಿಸಲು ಬಂದ, ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳ ಕರಗುವ ಪಾಲಿಮರ್ ಪ್ಲೇಟಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮೊಸರಿಗೆ ಹುಳಿ ಕೊಡುವುದೂ ಇದೇ ಲ್ಯಾಕ್ಟಿಕ್ ಆಮ್ಲ. ದೇಹದ ನೀರಿನಂಶಕ್ಕೆ ಪಾಲಿಮರಿನ ಸರಪಳಿ ಕಳಚಿ, ಸುಮಾರು ಒಂದು ವರ್ಷದಲ್ಲಿ ಪ್ಲೇಟು ಇಲ್ಲವಾಗುತ್ತದೆ. ಅಷ್ಟರಲ್ಲಿ ಮೂಳೆ ಕೂಡಿರುತ್ತದೆ.

ಬೆನ್ನುಮೂಳೆಯ ಕತೆ ಬೇರೆ. ಅದು ಮೈಭಾರ ಹೊರುವ ಜಾಗ. ಕಶೇರುಗಳನ್ನು ಬೆಸೆಯಲು ಅವುಗಳ ನಡುವೆ ಆಧಾರವಾಗಿ ಇಟ್ಟ ಕರಗುವ ಕೇಜುಗಳು ಬೆಸುಗೆ ಗಟ್ಟಿಯಾಗುವ ಮೊದಲೇ ಬಲ ಕಳೆದುಕೊಂಡದ್ದು, ಜಾಗ ಬಿಟ್ಟು ಸರಿದದ್ದು, ಸುತ್ತಲಿನ ಮೂಳೆ ಸವೆದದ್ದು ದಾಖಲಾಗಿದೆ. ಬೆನ್ನಿನ ಟೈಟಾನಿಯಂ ರಾಡು, ಸ್ಕ್ರೂಗಳನ್ನು ತೊಂದರೆ ಕೊಡದಿದ್ದರೆ ಸಾಮಾನ್ಯವಾಗಿ ತೆಗೆಯುವುದಿಲ್ಲ. ಈ ಮಾತನ್ನು ರೋಗಿಗೆ ಆಪರೇಷನ್ನಿಗೆ ಮೊದಲೇ ಬಿಡಿಸಿ ಹೇಳಬೇಕು. ಅರ್ಧ ಚಿಂತೆ ಅಲ್ಲಿಗೇ ಇಳಿಯುತ್ತದೆ.

ಕರಗುವ ವಸ್ತು ನೆರವಾಗುವ ಇನ್ನೊಂದು ಜಾಗ ಮಿದುಳು. ಮಿದುಳಿನ ಗಡ್ಡೆ ತೆಗೆದ ಕುಳಿಯಲ್ಲಿ ಕಾರ್ಮಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ತುಂಬಿದ ಕರಗುವ ಬಿಲ್ಲೆಗಳನ್ನಿಡುವ ಕ್ರಮಕ್ಕೂ 1996ರಲ್ಲೇ ಒಪ್ಪಿಗೆ ಸಿಕ್ಕಿತು. ವಿಜ್ಞಾನಿ ರಾಬರ್ಟ್ ಲ್ಯಾಂಗರ್ ಮತ್ತು ಶಸ್ತ್ರವೈದ್ಯ ಹೆನ್ರಿ ಬ್ರೆಮ್ ರೂಪಿಸಿದ ದಾರಿ ಅದು. ಒಂದು ಬಿಲ್ಲೆಯಲ್ಲಿ 7.7 ಮಿಲಿಗ್ರಾಂ ಔಷಧಿ, ಎಂಟರವರೆಗೆ ಇಡಬಹುದು. ರಕ್ತದಿಂದ ಮಿದುಳಿಗಿರುವ ತಡೆಯನ್ನು ದಾಟುವ ಗೋಜಿಲ್ಲದೆ, ಔಷಧಿ ಕುಳಿಯ ಅಂಚಿಗೇ ಇಳಿಯುತ್ತದೆ.

ನನಗೆ ಹೆಚ್ಚು ನಂಬಿಕೆಯಿರುವುದು ಕರಗುವ ಇನ್ನೊಂದು ಸಾಧನದ ಮೇಲೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರ ಬುರುಡೆಯೊಳಗಿನ ಒತ್ತಡ ಅಳೆಯಲು ಬುರುಡೆಗೆ ತೂತು ಕೊರೆದು ತಂತಿಯನ್ನೋ ನಳಿಕೆಯನ್ನೋ ಒಳಗಿಡುತ್ತಾರೆ. ಸೋಂಕಿನ ಭಯ ಜೊತೆಗೇ ಇರುತ್ತದೆ. 2016ರಲ್ಲಿ ಇಲಿನಾಯ್ ಮತ್ತು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಗಳ ಸಂಶೋಧಕರು ತೆಳು ಸಿಲಿಕಾನಿನ ಸೆನ್ಸರ್ ಇಲಿಗಳಲ್ಲಿಟ್ಟು, ಒತ್ತಡ ಅಳೆದು ತೋರಿಸಿದರು. ದೇಹದ್ರವದಲ್ಲಿ ಕರಗುವ ಅದನ್ನು ಹೊರತೆಗೆಯಬೇಕಿಲ್ಲ. ಇದು ಮನುಷ್ಯರಿಗೆ ಒಗ್ಗಿ, ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಕೈಗೆಟಕುವ ಬೆಲೆಯಲ್ಲಿ ಬರಬೇಕು.