ಬಯಲಿನ ಮದ್ದಳೆ, ಫೋನಿನ ಮದ್ದಳೆ

ಬಿಳಿಗೆರೆಯ ಸುತ್ತಲಿನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಗೆ ಮೂಡಲಪಾಯ ಯಕ್ಷಗಾನ ಹೊಸದಲ್ಲ. ಭಾಗವತರ ಹಾಡು, ಮುಖವೀಣೆ, ಮದ್ದಳೆ, ತಾಳ ಇವೆಲ್ಲ ರಾತ್ರಿಯ ಬಯಲಿನಲ್ಲಿ ಕೂಡಿದಾಗಲೇ ಆಟ ಕಳೆಗಟ್ಟುವುದು. ಇಂದು ಅಂಥ ಆಟವನ್ನು ಬೆಂಗಳೂರಿನ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ಕೂಡ ಅಂತರಜಾಲದ ನೇರಪ್ರಸಾರದಲ್ಲಿ ನೋಡಬಹುದು. ಹಾಗಾದರೆ ಬಯಲಿಗೆ ಹೋಗಿ ಕೂರುವ ಅಗತ್ಯವೇನು? ಸ್ವಲ್ಪ ವಿಜ್ಞಾನದ ಕಣ್ಣಿನಿಂದ ನೋಡೋಣ.

ಮೊದಲನೆಯದು, ನಾದದ ಪ್ರಶ್ನೆ. ಮದ್ದಳೆಯ ತಗ್ಗಿನ ನಾದ ಹೊರಡಬೇಕಾದರೆ ಬಹಳಷ್ಟು ಗಾಳಿ ಕಂಪಿಸಬೇಕು. ಉಗುರಿನಗಲದ ಫೋನ್ ಸ್ಪೀಕರಿಗೆ ಆ ಶಕ್ತಿಯಿಲ್ಲ. ಬಯಲಿನಲ್ಲಿ ಎದೆಗೆ ತಟ್ಟುವ ಪೆಟ್ಟು ಫೋನಿನಲ್ಲಿ ಬರೀ 'ಟಕ್' ಎನ್ನುತ್ತದೆ.

ಎರಡನೆಯದು, ಸಂಕೋಚನ. ಸಿ.ಡಿ. ತಟ್ಟೆಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದಿಡುತ್ತಾರೆ. ಇದಕ್ಕೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್ ಬೇಕು. ಅಂತರಜಾಲದಲ್ಲಿ ಸಾಮಾನ್ಯವಾಗಿ ಇದರ ಒಂದಂಶವನ್ನಷ್ಟೇ ಕಳುಹಿಸುತ್ತಾರೆ. ದೊಡ್ಡ ಸದ್ದಿನ ಮರೆಯಲ್ಲಿ ಕಿವಿಗೆ ಕೇಳಿಸದೆಂದು ಲೆಕ್ಕ ಹಾಕಿದ ಸಣ್ಣ ಸದ್ದುಗಳನ್ನು ತೆಗೆದುಹಾಕುತ್ತಾರೆ.

ಮೂರನೆಯದೇ ಮುಖ್ಯವಾದುದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ರಂಗದಿಂದ 17 ಮೀಟರ್ ದೂರ ಕುಳಿತವನಿಗೆ ಹಾಡು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ತಲುಪುತ್ತದೆ. ಅವನ ಚಪ್ಪಾಳೆಯೂ ಅಷ್ಟೇ ಬೇಗ ಹಿಂದಿರುಗುತ್ತದೆ. ಆ ಹುರುಪು ಕಂಡ ವೇಷಧಾರಿ ಇನ್ನೊಂದು ಸುತ್ತು ಕುಣಿಯಬಹುದು. ನೇರಪ್ರಸಾರದಲ್ಲಾದರೋ ಚಿತ್ರ, ಧ್ವನಿಗಳು ತುಣುಕುತುಣುಕಾಗಿ ಸಾಗಿ, ಎಷ್ಟೋ ವೇಳೆ ಹಲವು ಸೆಕೆಂಡು ತಡವಾಗಿ ಮುಟ್ಟುತ್ತವೆ. ನೋಡುಗನ ಮೆಚ್ಚುಗೆ ಬರುವ ಹೊತ್ತಿಗೆ ಪದ ಮುಗಿದಿರುತ್ತದೆ. 2020ರ ಕೊರೋನಾ ಕಾಲದಲ್ಲಿ ಬರಿದಾದ ಕೋಣೆಯಲ್ಲಿ ಕ್ಯಾಮೆರಾ ಮುಂದೆ ಹಾಡಿದ ಕಲಾವಿದರಿಗೆ ಇಲ್ಲವಾದದ್ದು ಈ ಮರುದನಿಯೇ.

ಹಾಗೆಂದು ಅಂತರಜಾಲವನ್ನು ಹಳಿಯಬೇಕಾಗಿಲ್ಲ. ಹಿರಿಯ ಭಾಗವತರೊಬ್ಬರ ಮಟ್ಟನ್ನು ಹತ್ತು ಸಲ ಹಿಂದಕ್ಕೆ ತಿರುಗಿಸಿ ಕೇಳುವ ಅನುಕೂಲ ಬಯಲಿನಲ್ಲಿಲ್ಲ. ಅವರ ಕಾಲಾನಂತರವೂ ಆ ಧ್ವನಿ ಉಳಿಯುತ್ತದೆ. ಆದರೆ ಧ್ವನಿ ಉಳಿದ ಮಾತ್ರಕ್ಕೆ ಕಲೆ ಉಳಿಯದು. ಭಾಗವತರ ಹಿಂದೆ ಕುಳಿತು ಸೊಲ್ಲಿಗೆ ಸೊಲ್ಲು ಸೇರಿಸಿ ಕಲಿಯುವ ಹುಡುಗ ಬೇಕು. ಅವನು ತಪ್ಪಿದಾಗ ನಗುವ, ಗೆದ್ದಾಗ ಭೇಷ್ ಎನ್ನುವ ಊರೂ ಬೇಕು.

ವಿದ್ಯಾರ್ಥಿಗಳೇ, ನೀವೇ ಒಂದು ಪ್ರಯೋಗ ಮಾಡಿ. ಮುಂದಿನ ಜಾತ್ರೆಯಲ್ಲಿ ಮದ್ದಳೆಯ ಹತ್ತಿರ ನಿಂತು ಕೇಳಿ, ಐದು ನಿಮಿಷ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಮಾರನೆಯ ದಿನ ಮನೆಯಲ್ಲಿ ಅದನ್ನು ಹಾಕಿ ಕೇಳಿ. ಯಾವುದು ಉಳಿಯಿತು, ಯಾವುದು ಬಯಲಿನಲ್ಲೇ ನಿಂತಿತು ಎಂದು ಪಟ್ಟಿ ಮಾಡಿ.